ಐ7 ಕೊಂಡರೆ ಲ್ಯಾಪ್‌ಟಾಪ್ ಹೆಚ್ಚು ವರ್ಷ ಬಾಳುತ್ತದೆಯೇ?

ಮಗಳ ಎಂಜಿನಿಯರಿಂಗ್ ಓದಿಗೆ ಇಂಟೆಲ್‌ನ ಐ5-1235ಯು ಪ್ರೊಸೆಸರ್ (ಲ್ಯಾಪ್‌ಟಾಪಿನ ಮಿದುಳಾದ ಚಿಪ್) ಇರುವ ಲ್ಯಾಪ್‌ಟಾಪ್ ಸಾಕೇ, ಇಲ್ಲವೇ ಹನ್ನೆರಡು ಸಾವಿರ ಹೆಚ್ಚು ಕೊಟ್ಟು ಐ7-1255ಯು ಕೊಂಡರೆ ನಾಲ್ಕಾರು ವರ್ಷ ನಿಶ್ಚಿಂತೆಯೇ ಎಂದು ಕೇಳಿದ್ದೀರಿ. ಇದೇ ನಿಶ್ಚಿಂತೆಯನ್ನು ನಾನು 2017ರ ದೀಪಾವಳಿಯ ಹೊತ್ತಿಗೆ ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಯೊಂದರಲ್ಲಿ ದುಡ್ಡು ಕೊಟ್ಟು ಕೊಂಡಿದ್ದೆ.

ಅಂಗಡಿಯವರು ಐ7-7500ಯು ಇದ್ದ ಲ್ಯಾಪ್‌ಟಾಪನ್ನೂ, ಆಗಷ್ಟೇ ಬಂದಿದ್ದ ಐ5-8250ಯು ಇದ್ದುದನ್ನೂ ಪಕ್ಕಪಕ್ಕದಲ್ಲಿ ತೆರೆದಿಟ್ಟಿದ್ದರು. ಮೊದಲನೆಯದರ ಬೆಲೆ ಎಂಟು ಸಾವಿರ ಹೆಚ್ಚು. ಅದರ ಚೀಟಿಯ ಮೇಲೆ ವೇಗ 2.7 ಗಿಗಾಹರ್ಟ್ಸ್ ಎಂದಿತ್ತು, ಇನ್ನೊಂದರ ಮೇಲೆ 1.6. ಏಳು ಐದಕ್ಕಿಂತ ದೊಡ್ಡದು, 2.7 ಎನ್ನುವುದು 1.6ಕ್ಕಿಂತ ದೊಡ್ಡದು, ನನ್ನ ಲೆಕ್ಕ ಅಲ್ಲಿಗೆ ಮುಗಿಯಿತು. ಚೀಟಿಯಲ್ಲಿ ಇಲ್ಲದಿದ್ದುದು ಕೋರ್‌ಗಳ, ಅಂದರೆ ಚಿಪ್‌ನೊಳಗೆ ಒಟ್ಟಿಗೆ ದುಡಿಯುವ ಘಟಕಗಳ, ಸಂಖ್ಯೆ. ನಾನು ಹೊತ್ತು ತಂದ ಐ7ನಲ್ಲಿ ಎರಡೇ ಕೋರ್, ಬಿಟ್ಟು ಬಂದ ಐ5ನಲ್ಲಿ ನಾಲ್ಕು. ಆ 1.6 ಎಂಬುದು ನಾಲ್ಕೂ ಕೋರ್‌ಗಳು ಒಟ್ಟಿಗೆ ದುಡಿಯುವಾಗ 15 ವ್ಯಾಟ್‌ನ ಮಿತಿಯೊಳಗೆ ಸಿಗುವ ಮೂಲ ವೇಗವಷ್ಟೇ. ಅಗತ್ಯ ಬಿದ್ದರೆ ಅದು 3.4ರವರೆಗೆ ಏರುತ್ತಿತ್ತು, ನನ್ನದು 3.5ರವರೆಗೆ. ಹೀಗೆ ಎಂಟು ಸಾವಿರಕ್ಕೆ ನಾನು ಪಡೆದ ಮೇಲುಗೈ 0.1 ಗಿಗಾಹರ್ಟ್ಸ್, ಕಳೆದುಕೊಂಡದ್ದು ಎರಡು ಕೋರ್. 7500ರ ಮೊದಲ ಅಂಕಿ ಏಳನೆಯ ತಲೆಮಾರನ್ನೂ 8250ರ ಮೊದಲ ಅಂಕಿ ಎಂಟನೆಯದನ್ನೂ ಹೇಳುತ್ತದೆ ಎಂಬುದು ಆಗ ನನಗೆ ತಿಳಿದಿದ್ದರೆ ಸಾಕಿತ್ತು.

ನನ್ನ ಆ ಐ7ನಲ್ಲಿ, ಆ್ಯಪ್ ತಯಾರಿಸುವ ಆಂಡ್ರಾಯ್ಡ್ ಸ್ಟುಡಿಯೋದಲ್ಲಿ ಬಿಲ್ಡ್‌ಗೆ ಕೊಟ್ಟು ಪಕ್ಕದಲ್ಲಿ ಫೋನನ್ನು ಅನುಕರಿಸುವ ಎಮ್ಯುಲೇಟರ್ ತೆರೆದರೆ ಫ್ಯಾನ್ ಮೊರೆಯತೊಡಗುತ್ತಿತ್ತು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪ್ರೊಸೆಸರ್ ಬಳಕೆ ತೋರಿಸುವ ಗೆರೆ ನೂರಕ್ಕೆ ಅಂಟಿಕೊಂಡು ಕೆಳಗಿಳಿಯುತ್ತಲೇ ಇರಲಿಲ್ಲ. 2021ರಲ್ಲಿ ವಿಂಡೋಸ್ 11 ಬಂದಾಗ, ಕೆಲವು ಅಪವಾದಗಳನ್ನು ಬಿಟ್ಟರೆ, ಮೈಕ್ರೋಸಾಫ್ಟ್ ಅದು ನಡೆಯುವ ಪ್ರೊಸೆಸರ್‌ಗಳ ತನ್ನ ಪಟ್ಟಿಯನ್ನು ಇಂಟೆಲ್‌ನ ಎಂಟನೆಯ ತಲೆಮಾರಿನಿಂದಲೇ ಆರಂಭಿಸಿತು. ಅಗ್ಗದ ಐ5 ಪಟ್ಟಿಯ ಒಳಗೆ, ದುಬಾರಿ ಐ7 ಹೊರಗೆ.

ಆದ್ದರಿಂದ ಐ7 ಹೆಚ್ಚು ವರ್ಷ ಬರುತ್ತದೆ ಎಂಬ ನಿಮ್ಮ ನಂಬಿಕೆಯನ್ನೇ ನಾನು ಒಪ್ಪುವುದಿಲ್ಲ. ನೀವು ಹೆಸರಿಸಿರುವ ಎರಡರಲ್ಲೂ ಹತ್ತು ಕೋರ್‌ಗಳು, ಅವುಗಳಲ್ಲಿ ಬಲವಾದವು ಎರಡೇ. ಎರಡರಲ್ಲೂ 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆಗಳು), 12 ಎಂಬಿ ಕ್ಯಾಶ್ (ಚಿಪ್‌ನೊಳಗಿನ ಸ್ಮೃತಿ). ಗರಿಷ್ಠ ವೇಗ ಒಂದರಲ್ಲಿ 4.4, ಇನ್ನೊಂದರಲ್ಲಿ 4.7 ಗಿಗಾಹರ್ಟ್ಸ್, ಅದೂ ತೆಳುವಾದ ಲ್ಯಾಪ್‌ಟಾಪ್ ಬಿಸಿಯಾಗುವವರೆಗೆ ಮಾತ್ರ. ಇಷ್ಟಕ್ಕೆ ಹನ್ನೆರಡು ಸಾವಿರ ಕೊಡಬೇಡಿ. ಆ ಹಣದಲ್ಲಿ ರ‍್ಯಾಮನ್ನು 16 ಜಿಬಿಗೆ ಏರಿಸಿ, ಅದನ್ನು ಒಂದೇ ಸ್ಟಿಕ್‌ನಲ್ಲಿ ಹಾಕಿಸದೆ 8 ಜಿಬಿಯ ಎರಡು ಸ್ಟಿಕ್‌ಗಳಲ್ಲಿ ಹಾಕಿಸಿ. ಈ ಚಿಪ್‌ಗಳೊಳಗೇ ಇರುವ ಐರಿಸ್ ಎಕ್ಸ್‌ಇ ಗ್ರಾಫಿಕ್ಸ್ ತನ್ನ ಪೂರ್ಣ ಬಲ ತೋರುವುದು ಸ್ಮೃತಿಗೆ ಹೀಗೆ ಎರಡು ಚಾನೆಲ್ (ದಾರಿ) ಇದ್ದಾಗಲೇ. ರ‍್ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುವ ಮಾದರಿಯಾದರೆ ಮುಂದೆ ಬದಲಿಸಲಾಗದು, ಮೊದಲೇ ಕೇಳಿಕೊಳ್ಳಿ. ಇಂಟೆಲ್ ಬದಲು ಎಎಂಡಿ ಕಂಪನಿಯ 7000 ಸರಣಿಯ ಪ್ರೊಸೆಸರ್ ತೋರಿಸಿದರೆ ಮೂರನೆಯ ಅಂಕಿಯನ್ನು ನೋಡಿ: ರೈಜೆನ್ 5 7520ಯು ಹೊಸದೆನಿಸಿದರೂ ಒಳಗಿರುವುದು 2019ರ ಝೆನ್ 2 ವಿನ್ಯಾಸ, 7530ಯು ಅದಕ್ಕಿಂತ ಒಂದು ಮೆಟ್ಟಿಲು ಮೇಲೆ.

ಮಗಳದು ಸಿವಿಲ್ ಅಥವಾ ಮೆಕ್ಯಾನಿಕಲ್ ಆಗಿದ್ದು ತ್ರಿಆಯಾಮದ ಕ್ಯಾಡ್ (ಕಂಪ್ಯೂಟರಿನಲ್ಲಿ ವಿನ್ಯಾಸ ಬಿಡಿಸುವ) ಕೆಲಸ ಹೆಚ್ಚಿದ್ದರೆ ಮಾತ್ರ ಈ ಎರಡನ್ನೂ ಬಿಟ್ಟು, ಐ7ಗೆ ತೆಗೆದಿಟ್ಟ ಹಣದ ಆಸುಪಾಸಿನಲ್ಲೇ ಐ5-12450ಎಚ್ ಜೊತೆಗೆ ಪ್ರತ್ಯೇಕ ಗ್ರಾಫಿಕ್ಸ್ ಕಾರ್ಡ್ ಇರುವುದನ್ನು ಹುಡುಕಿ. ಅದು ಭಾರ, ಬ್ಯಾಟರಿಯೂ ಬೇಗ ಇಳಿಯುತ್ತದೆ. ದಿನವೂ ಬಸ್ಸಿನಲ್ಲಿ ಹೊತ್ತು ಓಡಾಡುವವಳಾದರೆ ಅವಳನ್ನೇ ಒಮ್ಮೆ ಕೇಳಿ ನೋಡಿ.