ಕಿತ್ತ ಸ್ಟಾರು, ಖಾಲಿ ಸಾಲು

ಪ್ರಶ್ನೆ: ಮೂರನೇ ತರಗತಿಯ 32 ಮಕ್ಕಳಿಗೆ ಪಾಠ ಮಾಡುತ್ತೇನೆ. ಒಳ್ಳೆಯ ನಡತೆಗೆ ಗೋಡೆಯ ಚಾರ್ಟಿನಲ್ಲಿ ಸ್ಟಾರ್ ಅಂಟಿಸುತ್ತೇನೆ, ಗಲಾಟೆ ಮಾಡಿದರೆ ಕೀಳುತ್ತೇನೆ. ಎರಡು ವಾರ ಚೆನ್ನಾಗಿ ನಡೆಯಿತು. ಈಗ ಐದಾರು ಮಕ್ಕಳ ಸಾಲಷ್ಟೇ ತುಂಬಿದೆ. ಒಬ್ಬ ಹುಡುಗನ ಸಾಲು ಪೂರ್ತಿ ಖಾಲಿ. ‘ನಂಗೆ ಬೇಡ ನಿಮ್ ಸ್ಟಾರು’ ಅನ್ನುತ್ತಾನೆ. ಬಿದ್ದ ಕಾಗದ ಎತ್ತಿ ಅಂದರೆ ಉಳಿದವರು ‘ಎಷ್ಟು ಸ್ಟಾರ್ ಕೊಡ್ತೀರಾ ಮಿಸ್?’ ಅಂತ ಕೇಳುತ್ತಾರೆ. ನಾನೇ ಮಕ್ಕಳನ್ನು ಕೆಡಿಸಿದೆನಾ?

ಉತ್ತರ: ಕೆಡಿಸಿಲ್ಲ. ಆದರೆ ಸ್ಟಾರ್ ಕೀಳುವುದನ್ನು ನಾಳೆಯೇ ನಿಲ್ಲಿಸಿ. ಮೊದಲ ಪೀರಿಯಡ್ಡಿಗೇ ಸೊನ್ನೆಗಿಳಿದ ಮಗುವಿಗೆ ಕಳೆದುಕೊಳ್ಳಲು ಏನೂ ಉಳಿಯುವುದಿಲ್ಲ, ಸಂಜೆಯವರೆಗೆ ತೆಪ್ಪಗಿರಲು ಕಾರಣವೂ ಇರುವುದಿಲ್ಲ. ಖಾಲಿ ಸಾಲು ಎಲ್ಲರ ಕಣ್ಣಿಗೆ ಬೀಳುವಾಗ ‘ಬೇಡ’ ಅನ್ನದೆ ಆ ಹುಡುಗ ಇನ್ನೇನು ತಾನೇ ಅಂದಾನು? ಹೆಸರಿನ ಚಾರ್ಟನ್ನೂ ಇಳಿಸಿಬಿಡಿ.

‘ಒಳ್ಳೆಯ ನಡತೆ’ ಅನ್ನುವ ಮಾತು ಎಂಟು ವರ್ಷದ ಮಗುವಿಗೆ ತೀರಾ ಮಸುಕು. ಕಣ್ಣಿಗೆ ಕಾಣುವ ಎರಡೋ ಮೂರೋ ಕೆಲಸ ಆರಿಸಿ: ಕೈ ಎತ್ತಿ ಮಾತಾಡುವುದು, ಬೆಲ್ ಆದ ಕೂಡಲೇ ಪುಸ್ತಕ ತೆಗೆಯುವುದು. ಮಗ್ಗಿ ಕಲಿಸಿದಂತೆ ಇದನ್ನೂ ಮಾಡಿ ತೋರಿಸಿ, ಮಾಡಿಸಿ. ಬರೀ ‘ಗುಡ್’ ಅನ್ನಬೇಡಿ. ‘ಕೈ ಎತ್ತಿ ಸರದಿಗೆ ಕಾದೆಯಲ್ಲ, ಭೇಷ್’ ಅನ್ನಿ, ಅದೂ ಆ ಕ್ಷಣದಲ್ಲೇ. ಸಂಜೆ ಕೊಟ್ಟ ಸ್ಟಾರ್ ಯಾವುದಕ್ಕೆ ಬಂತು ಅನ್ನುವುದೇ ಮಗುವಿಗೆ ನೆನಪಿರುವುದಿಲ್ಲ.

ಇನ್ನು ಆ ಹುಡುಗ. ಅವನು ಎಷ್ಟು ಹೊತ್ತು ಕೆಲಸದಲ್ಲಿ ನಿಲ್ಲುತ್ತಾನೆಂದು ಎರಡು ದಿನ ಗಡಿಯಾರ ನೋಡಿ ಬರೆದಿಡಿ. ನಾಲ್ಕನೇ ನಿಮಿಷಕ್ಕೆ ಏಳುವವನಾದರೆ ಮೂರನೇ ನಿಮಿಷಕ್ಕೆ ಬೆಂಚಿನ ಬಳಿ ಹೋಗಿ, ಅವನಿಗಷ್ಟೇ ಕೇಳುವಂತೆ ‘ಆಗಲೇ ಮೂರು ಲೆಕ್ಕ ಮುಗಿಸಿದೀಯಲ್ಲ’ ಅನ್ನಿ. ಆಮೇಲೆ ಐದು, ಏಳು ನಿಮಿಷಕ್ಕೆ ಏರಿಸಿ. ಒಂದು ಗದರಿಕೆಗೆ ನಾಲ್ಕು ಮೆಚ್ಚುಗೆ ಅನ್ನುವುದು ರೂಢಿಯ ಲೆಕ್ಕ. ಮೇಜಿನ ಮೇಲೆ ಹತ್ತು ಕ್ಲಿಪ್ ಇಟ್ಟುಕೊಂಡು, ಮೆಚ್ಚಿದಾಗಲೆಲ್ಲ ಒಂದೊಂದು ಪಕ್ಕಕ್ಕೆ ಸರಿಸಿದರೆ ಲೆಕ್ಕ ತಪ್ಪುವುದಿಲ್ಲ. ಗಮನ ಸೆಳೆಯಲು ಮಾಡುವ ಸಣ್ಣಪುಟ್ಟ ಸದ್ದಿಗೆ ತಿರುಗಿ ನೋಡಬೇಡಿ. ಮೊದಮೊದಲು ಸದ್ದು ಜಾಸ್ತಿಯೇ ಆಗುತ್ತದೆ. ತಡೆಯಲಾರದೆ ಮೂರನೇ ದಿನ ಕೂಗಿದಿರೋ, ಜೋರು ಮಾಡಿದರೆ ಮಿಸ್ ನೋಡ್ತಾರೆ ಅನ್ನುವುದನ್ನು ನೀವೇ ಕಲಿಸಿದಂತೆ. ಹೊಡೆದಾಟಕ್ಕೆ ಮಾತ್ರ ಇದು ಸಲ್ಲದು, ತಕ್ಷಣ ತಡೆಯಬೇಕು.

ಬಹುಮಾನ ಬೇಕೆನಿಸಿದರೆ ಇಡೀ ತರಗತಿಗೆ ಒಂದೇ ಡಬ್ಬಿ ಇಡಿ. 20 ಗೋಲಿ ತುಂಬಿದರೆ ಹತ್ತು ನಿಮಿಷ ಹೆಚ್ಚಿನ ಆಟ. ಮೊದಲ ಸಲ ಎರಡು ದಿನದೊಳಗೆ ತುಂಬುವಂತೆ ನೋಡಿಕೊಳ್ಳಿ, ಮುಂದೆ 30, 40 ಮಾಡಿ. ಹಾಕಿದ ಗೋಲಿ ತೆಗೆಯುವಂತಿಲ್ಲ. ತೆಗೆದರೆ ಎಲ್ಲರ ಸಿಟ್ಟೂ ಆ ಒಬ್ಬನ ತಲೆಗೆ.

ಇಷ್ಟಪಟ್ಟು ಮಾಡುವ ಕೆಲಸಕ್ಕೆ ಮುಂಗಡವಾಗಿ ಬಹುಮಾನ ಸಾರಬೇಡಿ. 1973ರಲ್ಲಿ ಲೆಪ್ಪರ್, ಗ್ರೀನ್ ಮತ್ತು ನಿಸ್ಬೆಟ್ ಎಂಬ ಮನಶ್ಶಾಸ್ತ್ರಜ್ಞರು ಪ್ರಕಟಿಸಿದ ಅಧ್ಯಯನದಲ್ಲಿ, ಬಹುಮಾನದ ಮಾತು ಕೊಟ್ಟು ಚಿತ್ರ ಬರೆಸಿದ ಪುಟಾಣಿಗಳು ಆಮೇಲೆ ಬಿಡುವಿನ ವೇಳೆಯಲ್ಲಿ ಚಿತ್ರದ ಕಡೆ ಕಡಿಮೆ ಹೋದರು. ಅನಿರೀಕ್ಷಿತವಾಗಿ ಬಹುಮಾನ ಪಡೆದವರ ಆಸಕ್ತಿ ಹಾಗೆ ಇಳಿಯಲಿಲ್ಲ. ‘ಎಷ್ಟು ಸ್ಟಾರ್ ಮಿಸ್?’ ಅಂದರೆ ‘ಇದಕ್ಕೆ ಸ್ಟಾರ್ ಇಲ್ಲಪ್ಪ, ನಾವು ಕೂರೋ ಜಾಗ ಅಲ್ವಾ’ ಅಂದು ನೀವೂ ಒಂದು ಕಾಗದ ಎತ್ತಿ.