ಮೇಲುಸಿರು ಕಂಡು ಮೋಸಹೋಗಬೇಡಿ

ಪ್ರಶ್ನೆ: ಟೊಮೆಟೊ ಮಂಡಿಯಲ್ಲಿ ಹಮಾಲಿಯೊಬ್ಬರು ಕುಸಿದುಬಿದ್ದರು. ಆಗೊಮ್ಮೆ ಈಗೊಮ್ಮೆ ಗೊರಗೊರ ಎಂದು ಉಸಿರೆಳೆಯುತ್ತಿದ್ದರು. ಜೀವ ಇದೆ ಅಂದುಕೊಂಡು ನೀರು ಚಿಮುಕಿಸಿದೆವು, ಕೈಗೆ ಬೀಗದ ಕೈ ಹಿಡಿಸಿದೆವು. ಪಕ್ಕೆಲುಬು ಮುರಿದೀತು, ಪೊಲೀಸ್ ಕೇಸಾದೀತು ಎಂದು ಯಾರೂ ಎದೆ ಒತ್ತಲಿಲ್ಲ. ಒತ್ತಬೇಕಿತ್ತೇ?
— ಓದುಗರೊಬ್ಬರು, ಕೋಲಾರ

ಉತ್ತರ: ಒತ್ತಬೇಕಿತ್ತು. ಹೃದಯ ನಿಂತ ಮೇಲೂ ಕೆಲವು ನಿಮಿಷ ಇಂಥ ಮೇಲುಸಿರು ಬರುತ್ತದೆ. ಅದು ಉಸಿರಾಟವಲ್ಲ. ಭುಜ ತಟ್ಟಿ ಕೂಗಿದರೂ ಎಚ್ಚರವಿಲ್ಲ, ಉಸಿರು ಸರಿಯಿಲ್ಲ ಎಂದರೆ ನಾಡಿ ಹುಡುಕುತ್ತ ಕೂರಬೇಡಿ. ‘ಯಾರಾದರೂ ಫೋನ್ ಮಾಡಿ’ ಎಂದರೆ ಗುಂಪಿನಲ್ಲಿ ಯಾರೂ ಮಾಡುವುದಿಲ್ಲ. ‘ಹಸಿರು ಟವೆಲ್ ಅಣ್ಣ, ನೀನು 108ಕ್ಕೆ ಮಾಡಪ್ಪ, ಸ್ಪೀಕರ್ ಹಾಕು’ ಎಂದು ಬೊಟ್ಟು ಮಾಡಿ ಹೇಳಿ.

ಮೂಟೆಯ ಮೇಲೆ ಬಿದ್ದಿದ್ದರೆ ಗಟ್ಟಿ ನೆಲಕ್ಕೆ ಎಳೆಯಿರಿ. ಮೆತ್ತನೆಯ ಜಾಗದಲ್ಲಿ ಒತ್ತಿದ್ದೆಲ್ಲ ಮೂಟೆಯೇ ನುಂಗುತ್ತದೆ. ಎದೆಮೂಳೆಯ ಕೆಳ ಅರ್ಧದ ಮೇಲೆ ಒಂದು ಅಂಗೈಯ ಬುಡ, ಅದರ ಮೇಲೆ ಇನ್ನೊಂದು ಕೈ. ಮೊಣಕೈ ಮಡಿಸದೆ, ಮೈಭಾರ ಬಿಟ್ಟು 5ರಿಂದ 6 ಸೆಂ.ಮೀ. ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಿ. ಪ್ರತಿ ಸಲವೂ ಎದೆ ಪೂರ್ತಿ ಮೇಲೇಳಲು ಬಿಡಬೇಕು. ಕೈ ಊರಿಕೊಂಡೇ ಇದ್ದರೆ ಹೃದಯಕ್ಕೆ ರಕ್ತ ತುಂಬಿಕೊಳ್ಳುವುದಿಲ್ಲ. ಎಷ್ಟೇ ಕಸುವಿದ್ದರೂ ಎರಡು ನಿಮಿಷಕ್ಕೆ ಒತ್ತು ಸಡಿಲವಾಗುತ್ತದೆ, ಆಳು ಬದಲಾಗಲಿ. ಬಾಯಿಗೆ ಬಾಯಿಟ್ಟು ಊದಲು ಬಾರದಿದ್ದರೆ ಬಿಡಿ, ಎದೆ ಒತ್ತಿದರೂ ಸಾಕು. (ನೀರಿನಲ್ಲಿ ಮುಳುಗಿದವರಿಗೆ, ಮಕ್ಕಳಿಗೆ ಮಾತ್ರ ಉಸಿರೂ ಬೇಕು.) ಬಾಯಿಗೆ ನೀರು ಹಾಕಲೇಬೇಡಿ.

ಪಕ್ಕೆಲುಬು ಮುರಿಯಬಹುದು, ಲಟಕ್ಕೆಂದು ಸದ್ದೂ ಕೇಳಬಹುದು. ಮುರಿದದ್ದು ಕೂಡಿಕೊಳ್ಳುತ್ತದೆ. ಆದರೆ ಏನೂ ಮಾಡದೆ ಕಳೆದ ಪ್ರತಿ ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. ಹೃದಯ ನಿಂತಿರದಿದ್ದರೆ ಅವರೇ ನರಳುತ್ತಾರೆ, ನಿಮ್ಮ ಕೈ ತಳ್ಳುತ್ತಾರೆ, ಆಗ ನಿಲ್ಲಿಸಿ.

ಕೇಸಿನ ಮಾತು: ರಸ್ತೆ ಅಪಘಾತದಲ್ಲಿ ನೆರವಾದವರಿಗೆ 2019ರ ತಿದ್ದುಪಡಿಯಿಂದ ಮೋಟಾರು ವಾಹನ ಕಾಯ್ದೆಯ 134ಎ ಕಲಂ ರಕ್ಷಣೆ ಕೊಡುತ್ತದೆ. ಮಂಡಿಯಲ್ಲಿ ಬಿದ್ದವರಿಗೆ ಅದು ಅನ್ವಯಿಸದು. ಅಲ್ಲಿ ಭಾರತೀಯ ನ್ಯಾಯ ಸಂಹಿತೆಯ 30ನೇ ಕಲಂ ಇದೆ: ಒಪ್ಪಿಗೆ ಕೊಡುವ ಸ್ಥಿತಿಯಲ್ಲಿ ಇಲ್ಲದವರ ಒಳಿತಿಗೆಂದು ಸದುದ್ದೇಶದಿಂದ ಮಾಡಿದ್ದು ಅಪರಾಧವಲ್ಲ.

ಪ್ರಶ್ನೆ: ನಂದಿಬೆಟ್ಟ ಹತ್ತುವಾಗ ಹೆಂಗಸರು ಕುಸಿದರೆ ಗಂಡಸರು ಒತ್ತಬಹುದೇ?
— ಓದುಗರೊಬ್ಬರು, ಚಿಕ್ಕಬಳ್ಳಾಪುರ

ಉತ್ತರ: ಖಂಡಿತ ಒತ್ತಬೇಕು. ಕೈ ಇಡುವುದು ಎದೆಯ ನಡುವಿನ ಮೂಳೆಯ ಮೇಲೆ. ಸೆರಗು, ರವಿಕೆ ತೆಗೆಯಬೇಕಿಲ್ಲ. ತಾಳಿ ಸರವನ್ನು ಪಕ್ಕಕ್ಕೆ ಸರಿಸಿ, ಅಂಗೈ ಕೆಳಗೆ ಸಿಕ್ಕರೆ ಚುಚ್ಚುತ್ತದೆ. ಜೊತೆಗಿದ್ದ ಹೆಂಗಸರು ಸುತ್ತ ಶಾಲು ಅಡ್ಡ ಹಿಡಿಯಲಿ, ನೀವು ಒತ್ತುವುದನ್ನು ನಿಲ್ಲಿಸಬೇಡಿ.