ನೋವಿನ ಸಂಶೋಧನೆಗೆ ಸರ್ಕಾರದ ಹಣ ಏಕೆ ಬೇಕು?

ನೋವಿನ ಮಾತ್ರೆಗಳನ್ನು ಔಷಧ ಕಂಪನಿಗಳೇ ತಯಾರಿಸುತ್ತಿರುವಾಗ, ದೀರ್ಘಕಾಲಿಕ ನೋವಿನ ಸಂಶೋಧನೆಗೆ ಸರ್ಕಾರ ಏಕೆ ಹಣ ಕೊಡಬೇಕು ಎಂದು ಕೇಳಿದ್ದೀರಿ. ಕೊಡಲೇಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ.

ಮೂರು ತಿಂಗಳು ಮೀರಿ ಕಾಡುವ ನೋವಿನಲ್ಲಿ ಹಲವು ಸಲ ಗಾಯ ಮಾಗಿದ ಮೇಲೂ ನರವ್ಯೂಹ ಅತಿಸೂಕ್ಷ್ಮವಾಗಿಯೇ ಉಳಿದಿರುತ್ತದೆ. ರಾತ್ರಿ ಹೊದಿಕೆ ತಾಗಿದರೂ ಪಾದ ಉರಿಯುತ್ತದೆ, ಸ್ಕ್ಯಾನ್‌ನಲ್ಲಿ ಮಾತ್ರ ಏನೂ ಕಾಣದಿರಬಹುದು. ಇದರ ಮೂಲ ಹುಡುಕುವುದು ಬಹಳ ನಿಧಾನದ ಕೆಲಸ. ಉತ್ತರ ಪಾಕಿಸ್ತಾನದ ಕೆಲವು ಕುಟುಂಬಗಳಲ್ಲಿ ಹುಟ್ಟಿನಿಂದಲೇ ನೋವನ್ನು ಅರಿಯದವರನ್ನು ಪರೀಕ್ಷಿಸಿದ ವಿಜ್ಞಾನಿಗಳು, ನೋವಿನ ಸಂಕೇತ ಸಾಗಲು ನೆರವಾಗುವ, ನರಗಳ ಒಂದು ಸೋಡಿಯಂ ಚಾನೆಲ್ ಅನ್ನು (ಸೋಡಿಯಂ ಕಣಗಳು ಹಾದುಹೋಗುವ ಸೂಕ್ಷ್ಮ ದ್ವಾರವನ್ನು) ರೂಪಿಸುವ ಜೀನ್‌ನಲ್ಲಿ ದೋಷವಿರುವುದನ್ನು 2006ರಲ್ಲಿ ಪ್ರಕಟಿಸಿದರು. ಅದೇ ಬಳಗದ ಇನ್ನೊಂದು ಚಾನೆಲ್ ಅನ್ನು ತಡೆಯುವ ಸುಜೆಟ್ರಿಜಿನ್ ಮಾತ್ರೆಗೆ ಅಮೆರಿಕದಲ್ಲಿ ಅನುಮತಿ ಸಿಕ್ಕಿದ್ದು 2025ರ ಜನವರಿಯಲ್ಲಿ, ಅದೂ ಅಲ್ಪಕಾಲದ ನೋವಿಗೆ ಮಾತ್ರ. ಲಾಭದ ಖಾತರಿಯಿಲ್ಲದೆ ಇಷ್ಟು ಕಾಲ ಕಾಯುವ ಕಂಪನಿಗಳು ವಿರಳ.

ಒಪಿಯಾಯ್ಡ್ (ಅಫೀಮಿನ ಬಗೆಯ ನೋವುನಿವಾರಕ) ವ್ಯಸನದಿಂದ ತತ್ತರಿಸಿದ ಅಮೆರಿಕ 2018ರಲ್ಲಿ ಆರಂಭಿಸಿದ 'ಹೀಲ್' ಯೋಜನೆ, ವ್ಯಸನದ ಚಿಕಿತ್ಸೆಯ ಜೊತೆಗೆ ನೋವಿನ ಸಂಶೋಧನೆಗೂ ಸಾರ್ವಜನಿಕ ಹಣ ಒದಗಿಸುತ್ತಿದೆ. ಇಂಥ ಹಣದಲ್ಲಿ ವ್ಯಾಯಾಮ, ಮನೋಚಿಕಿತ್ಸೆಗಳ ಪರೀಕ್ಷೆಗೂ ಪಾಲಿರಬೇಕು; ಪೇಟೆಂಟ್ ಸಿಗದ ಆ ಚಿಕಿತ್ಸೆಗಳಿಗೆ ಬಂಡವಾಳ ಹಾಕುವವರು ಸಿಗುವುದು ಕಷ್ಟ.